ನಾಲಿಗೆಯ ಉಪವಾಸ

ನಮ್ಮ ಮನೆಯಲ್ಲಿ ತಪಸ್ಸುಕಾಲ ಶುರುವಾಯಿತೆಂದು ಮೊದಲು ತಿಳಿಯುವುದು ಬೆಕ್ಕಿಗೆ. ಮೀನಿನ ಗಾಡಿಯವನು ಬಾಗಿಲಲ್ಲಿ ನಿಂತು ಎಷ್ಟು ಕೂಗಿದರೂ ನಾನು ಪಾತ್ರೆ ಹಿಡಿದು ಹೊರಗೆ ಹೋಗುವುದಿಲ್ಲ. ಬೆಕ್ಕು ಎರಡು ದಿನ ಅಡಿಗೆಮನೆಯ ಹೊಸಿಲಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತದೆ. ಮೂರನೆಯ ದಿನ ಪಕ್ಕದ ಮನೆಗೆ ಬಿಡಾರ ಬದಲಿಸುತ್ತದೆ. ಮತ್ತೆ ಈಸ್ಟರ್ ಹಬ್ಬದ ದಿನ ಹೇಳಿ ಕರೆಸಿದ ನೆಂಟರ ಹಾಗೆ ವಾಪಸು ಬಂದು ಕೂರುತ್ತದೆ.

ಕ್ರೈಸ್ತರಲ್ಲದ ಸೋದರಿಯರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯೇಸುಸ್ವಾಮಿ ಬೆಂಗಾಡಿನಲ್ಲಿ ನಲವತ್ತು ದಿನ ಉಪವಾಸವಿದ್ದರಲ್ಲ, ಅದರ ನೆನಪಿಗೆ ಈಸ್ಟರಿನ ಮುಂಚೆ ನಾವು ಆಚರಿಸುವ ವ್ರತದ ದಿನಗಳೇ ತಪಸ್ಸುಕಾಲ. ಆರಂಭ ಬೂದಿ ಬುಧವಾರದಂದು. ಹಿಂದಿನ ವರ್ಷ ಗರಿಗಳ ಭಾನುವಾರ ಆಶೀರ್ವಾದ ಮಾಡಿಸಿ ತಂದು ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಗರಿಗಳನ್ನು ದೇವಾಲಯಕ್ಕೆ ಒಪ್ಪಿಸುತ್ತೇವೆ. ಅವನ್ನು ಸುಟ್ಟ ಬೂದಿಯನ್ನೇ ಗುರುಗಳು ನಮ್ಮ ಹಣೆಗೆ ಇಡುತ್ತಾರೆ. ಆ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ. ನಡುವಿನ ಆರು ಭಾನುವಾರ ಕಳೆದರೆ 40. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡು ದಿನ 18ರಿಂದ 59 ವರ್ಷದೊಳಗಿನವರಿಗೆ ಒಂದೇ ಹೊತ್ತಿನ ಪೂರಾ ಊಟ. 14 ದಾಟಿದವರು ಶುಕ್ರವಾರಗಳಲ್ಲಿ ಮಾಂಸ ತಿನ್ನಬಾರದು. ಇಷ್ಟೇ ನಿಯಮ. ಮೀನಿಗೆ ನಿಷೇಧವೇನೂ ಇಲ್ಲ. ಆದರೆ ನಮ್ಮ ಮನೆಯಲ್ಲಿ ಅತ್ತೆಯ ಅತ್ತೆಯ ಕಾಲದಿಂದ ಎರಡನ್ನೂ ಪೂರ್ತಿ ಬಿಡುವ ವಾಡಿಕೆ. ಅದರ ಜೊತೆಗೆ ಪ್ರತಿಯೊಬ್ಬರೂ ತಮಗೆ ಇಷ್ಟವಾದ ಇನ್ನೊಂದನ್ನು ಬಿಡಬೇಕು.

2025ರಲ್ಲಿ ಬೂದಿ ಬುಧವಾರ ಮಾರ್ಚ್ 5ಕ್ಕೆ ಬಂದಿತ್ತು. ರಾತ್ರಿ ಗಂಜಿ, ಹುರುಳಿ ಚಟ್ನಿ ಮುಂದಿಟ್ಟುಕೊಂಡು ಎಲ್ಲರೂ ತಾವು ಬಿಡುವುದನ್ನು ಹೇಳುತ್ತಿದ್ದರು. ನಮ್ಮ ಯಜಮಾನರು ಎಲೆಅಡಿಕೆ ಬಿಡುತ್ತೇನೆಂದರು. (ಪ್ರತಿ ವರ್ಷವೂ ಬಿಡುತ್ತಾರೆ, ಜೇಬು ಒಗೆಯುವವಳಿಗೆ ಸತ್ಯ ಗೊತ್ತು.) ಅತ್ತೆ ಸಂಜೆಯ ಕಾಫಿ ಬಿಟ್ಟರು. ನಾನು ಟೀವಿ ಧಾರಾವಾಹಿ ಬಿಡುತ್ತೇನೆಂದು ಹೆಮ್ಮೆಯಿಂದಲೇ ಹೇಳಿದೆ. ಹತ್ತನೇ ತರಗತಿಯಲ್ಲಿದ್ದ ಮಗಳು ತಟ್ಟೆಯಿಂದ ತಲೆ ಎತ್ತದೆ ಹೇಳಿದಳು:

"ಅಮ್ಮ, ನೀನು ಧಾರಾವಾಹಿ ನೋಡು, ಮೀನೂ ತಿನ್ನು. ಬಯ್ಯೋದೊಂದು ಬಿಡು, ಸಾಕು."

ಯಜಮಾನರು ಜೋರಾಗಿ ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು! "ನಿನ್ನ ಪ್ರಿಪರೇಟರಿ ಮಾರ್ಕ್ಸ್ ನೋಡಿದೀಯ? ಮಾತಾಡೋಕೆ ಬಂದ್ಬಿಟ್ಲು" ಅಂತ ಶುರು ಮಾಡಿದವಳು ಅವಳ ಕೂದಲು, ಅವಳ ಮೊಬೈಲು, ಅವಳ ಮಡಿಸದ ಹಾಸಿಗೆ ಎಲ್ಲವನ್ನೂ ಮುಟ್ಟಿ ಬಂದೆ. ಅವಳು ಗಂಜಿ ಅರ್ಧಕ್ಕೇ ಬಿಟ್ಟು ಎದ್ದು ಹೋದಳು. ಕೈ ತೊಳೆಯುವಾಗ ಕನ್ನಡಿಯಲ್ಲಿ ನೋಡಿಕೊಂಡರೆ ಹಣೆಯ ಮೇಲೆ ಬೂದಿ ಹಾಗೇ ಇತ್ತು.

ಅವತ್ತು ನಗದೆ ಇದ್ದವರು ಅತ್ತೆ ಒಬ್ಬರೇ. ಅವರು ಯಾಕೆ ನಗಲಿಲ್ಲ ಎನ್ನುವುದು ನನಗೆ ಅರ್ಥವಾಗಲು ತಿಂಗಳು ಬೇಕಾಯಿತು.

ಆ ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿದ ಮೇಲೆ ನಮ್ಮ ವೃದ್ಧ ಗುರುಗಳ ಹತ್ತಿರ ಪಾಪನಿವೇದನೆಗೆ ಕೂತೆ. ನಾನು ಪ್ರತಿ ವರ್ಷ ಒಪ್ಪಿಸುವ ಪಟ್ಟಿಯೇ: ಸಿಟ್ಟು ಮಾಡಿದೆ, ಬೈದೆ, ಪರರ ಮಾತಾಡಿದೆ. ಅವರು ಎಂದಿನಂತೆ ಮೂರು ಪ್ರಾರ್ಥನೆ ಹೇಳಿ ಎನ್ನಲಿಲ್ಲ. "ಎಷ್ಟು ಸಲ?" ಎಂದು ಕೇಳಿದರು. ಎಷ್ಟು ಸಲ ಎಂದು ಯಾರಿಗೆ ಗೊತ್ತು ಸ್ವಾಮಿ? "ಎಣಿಸಿ ನೋಡಮ್ಮ" ಎಂದರು.

ಹೀಗೆ ಎಣಿಸುವ ಕ್ರಮ ಹಳೆಯದಂತೆ. ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲ ತಮ್ಮ ಆಧ್ಯಾತ್ಮಿಕ ಸಾಧನೆಯ ಪುಸ್ತಕದಲ್ಲಿ, ಅದು ಅಚ್ಚಾದದ್ದು 1548ರಲ್ಲಿ, ಇದನ್ನು ವಿವರಿಸಿದ್ದಾರೆ. ಎಲ್ಲ ದುರ್ಗುಣಗಳನ್ನೂ ಒಟ್ಟಿಗೆ ಬಿಡಲು ಹೋಗಬಾರದು. ಒಂದನ್ನೇ ಹಿಡಿಯಬೇಕು. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ನೆನೆಯಬೇಕು. ಎಡವಿದಾಗೆಲ್ಲ, ಯಾರಿಗೂ ತಿಳಿಯದ ಹಾಗೆ ಎದೆಯ ಮೇಲೆ ಕೈಯಿಟ್ಟುಕೊಳ್ಳಬೇಕು. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಲೆಕ್ಕ ತೆಗೆದು ಕಾಗದದ ಮೇಲೆ ಎಳೆದ ಗೆರೆಯಲ್ಲಿ ಅಷ್ಟು ಚುಕ್ಕೆ ಇಡಬೇಕು. ನಿನ್ನೆಗಿಂತ ಇವತ್ತು, ಹೋದ ವಾರಕ್ಕಿಂತ ಈ ವಾರ ಚುಕ್ಕೆ ಕಡಿಮೆಯಾಯಿತೇ ಎಂದು ಹೋಲಿಸಬೇಕು. ಹಾಲಿನವನ ಲೆಕ್ಕ, ಚೀಟಿಯ ಲೆಕ್ಕ ಬರೆದಿಡುವ ನಮಗೆ ಇದೇನು ಕಷ್ಟ?

ಆದರೆ ಒಲೆ ಮುಂದೆ ನಿಂತವಳಿಗೆ ಪೆನ್ಸಿಲು ಎಲ್ಲಿ ಸಿಗಬೇಕು? ನಾನು ಒಂದು ಖಾಲಿ ಹಾರ್ಲಿಕ್ಸ್ ಬಾಟಲಿ ತೊಳೆದು ಕಟ್ಟೆಯ ಮೇಲಿಟ್ಟೆ. ಒಂದು ಒರಟು ಮಾತಿಗೆ ಒಂದು ಕಾಳು. ಮಗಳ ಮೇಲೆ ಆದರೆ ಅವರೆಕಾಳು, ಯಜಮಾನರ ಮೇಲೆ ಕಡಲೆ, ಅತ್ತೆಯ ಮೇಲೆ ಹುರುಳಿ, ಹೊರಗಿನವರ ಮೇಲಾದರೆ ಹೆಸರು. ಅಡಿಗೆಯವಳಿಗೆ ನೆನಪಿಗೆ ಸುಲಭವಾಗಲೆಂದು ಹೀಗೆ ಬೇರೆ ಬೇರೆ ಮಾಡಿದೆನೇ ಹೊರತು ಬೇರೆ ಉದ್ದೇಶವಿರಲಿಲ್ಲ.

ಮೊದಲ ದಿನದ ಲೆಕ್ಕ ಹೇಳಲು ಈಗಲೂ ನಾಚಿಕೆ. ಮೂವತ್ತೇಳು! ನಾನೇನು ಬಾಯಿಬಡುಕಿಯಲ್ಲ ಸೋದರಿಯರೇ, ಬೀದಿಯಲ್ಲಿ ನನ್ನ ದನಿ ಕೇಳಿದವರಿಲ್ಲ. "ಒದ್ದೆ ಟವಲು ಮತ್ತೆ ಮಂಚದ ಮೇಲೆ ಬಿಸಾಕಿದ್ದೀರ", "ಇಷ್ಟು ಹೇಳಿದ್ರೂ ತಲೆಗೆ ಹೋಗಲ್ವಲ್ಲ", "ಬೇರೆಯವರ ಮನೆ ಮಕ್ಕಳನ್ನ ನೋಡು", "ಇದೇನು ಪಾತ್ರೆ ತೊಳೆದಿದ್ದೋ ನೆಕ್ಕಿದ್ದೋ" ಎಂಬಂಥ ಸಣ್ಣ ಸಣ್ಣ ಮಾತುಗಳೇ ಎಲ್ಲ. ಒಂದೊಂದಾಗಿ ತೆಗೆದುಕೊಂಡರೆ ಯಾವುದೂ ದೊಡ್ಡದಲ್ಲ. ಸೊಳ್ಳೆಯೂ ಒಂದೊಂದಾಗಿ ನೋಡಿದರೆ ದೊಡ್ಡದಲ್ಲ. ಇನ್ನು ಮಾತೇ ಆಡದೆ ಬೈಯುವ ವಿದ್ಯೆಯೂ ನಮಗೆ ಗೊತ್ತಲ್ಲ: ಪಾತ್ರೆ ಕುಕ್ಕುವುದು, ಬೀರು ಬಾಗಿಲು ಧಡ್ ಅನ್ನಿಸುವುದು, ತಟ್ಟೆಗೆ ಅನ್ನ ಬಡಿಸುವ ಬದಲು ಬಡಿಯುವುದು. ಇವಕ್ಕೂ ಕಾಳು ಹಾಕಬೇಕೇ ಎಂದು ಒಂದು ದಿನ ನನ್ನೊಡನೆ ನಾನೇ ವಾದ ಮಾಡಿದೆ. ಕೊನೆಗೆ ಹಾಕಿದೆ.

ವಾಟ್ಸಾಪಿನಲ್ಲಿ ಬೆರಳಿನಿಂದ ಆಡಿದ ಮಾತಿಗೂ ಹೆಸರುಕಾಳು ಬಿತ್ತು. ನಮ್ಮ ಕುಟುಂಬದ ಗುಂಪಿನಲ್ಲಿ ಯಾರದೋ ಮನೆ ಗೃಹಪ್ರವೇಶದ ಫೋಟೋ ಬಂದರೆ, ಗುಂಪಿಗೆ "ತುಂಬಾ ಚೆನ್ನಾಗಿದೆ" ಎಂದು ಬರೆದು, ತಂಗಿಗೆ ಪ್ರತ್ಯೇಕವಾಗಿ "ಆ ಬಣ್ಣ ನೋಡಿದ್ಯಾ" ಎಂದು ಕಳಿಸುವುದು ನನ್ನ ಅಭ್ಯಾಸವಾಗಿತ್ತು.

ಬೈಬಲಿನಲ್ಲಿ ಯಕೋಬರ ಪತ್ರದ ಮೂರನೆಯ ಅಧ್ಯಾಯ ಪೂರ್ತಿ ನಾಲಿಗೆಯ ವಿಚಾರವೇ ಎನ್ನಬಹುದು. ಕುದುರೆಯ ಬಾಯಿಗೆ ಹಾಕುವ ಕಡಿವಾಣ ಎಷ್ಟು ಚಿಕ್ಕದು, ಹಡಗಿನ ಚುಕ್ಕಾಣಿ ಎಷ್ಟು ಚಿಕ್ಕದು, ಕಾಡನ್ನು ಸುಡುವ ಕಿಡಿ ಎಷ್ಟು ಚಿಕ್ಕದು ಎಂದು ಒಂದರ ಮೇಲೊಂದು ಹೋಲಿಕೆ ಕೊಡುತ್ತಾರೆ. ದೇವರನ್ನು ಸ್ತುತಿಸುವ ಬಾಯಿಯೇ ದೇವರು ಸೃಷ್ಟಿಸಿದ ಮನುಷ್ಯನನ್ನು ಶಪಿಸುತ್ತದಲ್ಲ, ಒಂದೇ ಬುಗ್ಗೆಯಲ್ಲಿ ಸಿಹಿನೀರು ಕಹಿನೀರು ಎರಡೂ ಬರಲು ಸಾಧ್ಯವೇ ಎಂದು ಕೇಳುತ್ತಾರೆ. ನಾನು ಮುಂಜಾನೆ ಐದೂವರೆಗೆ ಜಪಮಾಲೆ ಹೇಳಿ, ಆರು ಗಂಟೆಗೆ ಹಾಲಿನವನ ಮೇಲೆ ಹರಿಹಾಯುವವಳು. ಇದು ನನಗೇ ಬರೆದ ಪತ್ರವೇನೋ ಅನ್ನಿಸಿತು.

ಹಾಗಾದರೆ ತಪ್ಪು ಕಂಡರೂ ಬಾಯಿ ಮುಚ್ಚಿಕೊಂಡು ಇರಬೇಕೇ? ಗ್ಯಾಸ್ ಆರಿಸದೆ ಹೋದ ಮಗಳಿಗೆ ಹೇಳಬಾರದೇ? ಖಂಡಿತ ಹೇಳಬೇಕು. ತಪ್ಪು ಮಾಡಿದವನ ಬಳಿ ಮೊದಲು ನೀನೊಬ್ಬನೇ ಹೋಗಿ, ಇಬ್ಬರೇ ಇರುವಾಗ ತಿಳಿಸಿ ಹೇಳು ಎಂದು ಯೇಸುಸ್ವಾಮಿಯೇ ಕಲಿಸಿದ್ದಾರೆ. ನಾವು ಮಾಡುವುದು ತಿರುಗುಮುರುಗು. ಊರಿಗೆಲ್ಲ ಹೇಳಿ ಆದಮೇಲೆ ಕೊನೆಗೆ ಅವನಿಗೆ ಹೇಳುತ್ತೇವೆ. ನಾನು ಕಂಡುಕೊಂಡ ವ್ಯತ್ಯಾಸ ಇಷ್ಟು: "ಗ್ಯಾಸ್ ಆರಿಸು" ಎಂದರೆ ಕಾಳು ಇಲ್ಲ. "ನೀನು ಯಾವತ್ತೂ ಹೀಗೇ" ಎಂದರೆ ಕಾಳು. ಆ "ಯಾವತ್ತೂ" ಎಂಬ ಪದ ಒಂದನ್ನು ಬಿಟ್ಟರೆ ಸಾಕು, ದಿನಕ್ಕೆ ಹತ್ತು ಕಾಳು ಉಳಿಯುತ್ತದೆ. ಬೇಕಾದರೆ ಪರೀಕ್ಷಿಸಿ ನೋಡಿ.

ಆ ದಿನಗಳಲ್ಲಿ ನನಗೆ ಹೆಚ್ಚು ಜೊತೆಯಾದವರು ಸಂತ ಮೋನಿಕಾ. ಸಂತ ಅಗಸ್ಟೀನರ ತಾಯಿ. ಈಗ ಅಲ್ಜೀರಿಯ ಎನ್ನುವ ದೇಶದ ತಗಾಸ್ತೆ ಎಂಬ ಊರಿನವರು, ಕ್ರಿ.ಶ. 387ರಲ್ಲಿ ರೋಮಿನ ಹತ್ತಿರದ ಓಸ್ತಿಯಾದಲ್ಲಿ ತೀರಿಕೊಂಡರು. ದಾರಿ ತಪ್ಪಿದ ಮಗನಿಗಾಗಿ ವರ್ಷಗಟ್ಟಲೆ ಅತ್ತ ತಾಯಿ ಎಂದೇ ಎಲ್ಲರೂ ಬಲ್ಲರು. ಆದರೆ ಆ ಮಗ ತನ್ನ ಆತ್ಮಕಥೆಯ ಒಂಬತ್ತನೆಯ ಭಾಗದಲ್ಲಿ ತಾಯಿಯ ಸಂಸಾರದ ಬಗ್ಗೆ ಬರೆದದ್ದು ನಮ್ಮಂಥವರಿಗೆ ಇನ್ನೂ ಹತ್ತಿರ. ಸೊಸೆಯಾಗಿ ಹೋದ ಹೊಸದರಲ್ಲಿ ಮನೆಯ ದಾಸಿಯರು ಅತ್ತೆಯ ಕಿವಿ ಊದಿ ಊದಿ ಇವರ ಮೇಲೆ ಎತ್ತಿಕಟ್ಟಿದ್ದರಂತೆ. ನಮ್ಮ ಧಾರಾವಾಹಿಗಳಿಗಿಂತ ಏನು ಕಡಿಮೆ? ಮೋನಿಕಾ ಎದುರು ಮಾತಾಡಲಿಲ್ಲ, ತಾಳ್ಮೆ, ಸೇವೆ ಬಿಡಲಿಲ್ಲ. ಕೊನೆಗೆ ಅತ್ತೆಗೇ ಸತ್ಯ ತಿಳಿದು, ಕಿವಿ ಊದಿದವರ ಹೆಸರನ್ನು ಅವರೇ ಮಗನಿಗೆ ಹೇಳಿದರಂತೆ.

ಇನ್ನೊಂದು ಗುಣವಂತೂ ನಾನು ಮೂರು ಸಲ ಓದಿದೆ. ಜಗಳವಾಡಿದ ಇಬ್ಬರು ಹೆಂಗಸರು ಬೇರೆ ಬೇರೆಯಾಗಿ ಬಂದು ಒಬ್ಬರ ಮೇಲೊಬ್ಬರು ವಿಷ ಕಾರಿದರೂ, ಮೋನಿಕಾ ಇವಳ ಮಾತನ್ನು ಅವಳಿಗೆ ಮುಟ್ಟಿಸುತ್ತಿರಲಿಲ್ಲ. ಇಬ್ಬರನ್ನು ಒಂದುಗೂಡಿಸುವ ಮಾತು ಏನಾದರೂ ಇದ್ದರೆ ಅದನ್ನಷ್ಟೇ ಹೇಳುತ್ತಿದ್ದರು. ಇದು ಸಣ್ಣ ಗುಣ ಅನ್ನಿಸಬಹುದಿತ್ತು, ಆದರೆ ಆಡದ ಮಾತನ್ನೂ ಸೇರಿಸಿ ಹೇಳುವವರನ್ನು ಬೇಕಾದಷ್ಟು ಕಂಡಿದ್ದೇನೆ ಎಂದು ಅಗಸ್ಟೀನರು ಬರೆಯುತ್ತಾರೆ. ನಾವೂ ಕಂಡಿಲ್ಲವೇ? ನಾವೇ ಹಾಗಿಲ್ಲವೇ?

ಒಂದು ಮಾತು ಮಾತ್ರ ಇಲ್ಲಿ ಹೇಳಿಬಿಡಬೇಕು. ಮೋನಿಕಾಳ ಗಂಡ ಪತ್ರೀಸಿಯಸ್ ಮುಂಗೋಪಿ. ಅವನು ಕೆರಳಿದಾಗ ಆಕೆ ಸುಮ್ಮನಿದ್ದು ತಣ್ಣಗಾದ ಮೇಲೆ ವಿವರಿಸಿ ಹೇಳುತ್ತಿದ್ದಳು, ಗಂಡನಿಂದ ಏಟು ತಿಂದ ಗೆಳತಿಯರಿಗೂ ನಾಲಿಗೆಯನ್ನೇ ದೂರಿಕೊಳ್ಳಿ ಎನ್ನುತ್ತಿದ್ದಳು ಎಂದಿದೆ. ಅದು ಸಾವಿರದ ಆರುನೂರು ವರ್ಷ ಹಿಂದಿನ ಲೋಕ. ಹೊಡೆತ ತಿನ್ನುವ ಹೆಂಗಸಿಗೆ ಸಂತರ ಹೆಸರು ಹೇಳಿ "ನೀನೇ ಸುಮ್ಮನಿರು" ಎನ್ನುವವರನ್ನು ಕಂಡರೆ ನನಗಾಗದು. ಹೊಡೆಯುವವನ ತಪ್ಪು ಹೇಳುವುದು ತಪ್ಪು ಹುಡುಕುವುದಲ್ಲ. ಅದಕ್ಕೆ 2005ರ ಕಾನೂನಿದೆ, 181 ಎಂಬ ಮಹಿಳಾ ಸಹಾಯವಾಣಿ ಇದೆ. ಬಾಯಿ ಬಿಡಲೇಬೇಕಾದ ಕಡೆ ಬಾಯಿ ಬಿಡಬೇಕು.

ನಾನು ಹೇಳುತ್ತಿರುವುದು ಒದ್ದೆ ಟವಲಿನ ವಿಷಯ. ಅದಕ್ಕೆ ಫ್ರಾನ್ಸಿನ ಲಿಸ್ಯೂ ಊರಿನ ಸಂತ ತೆರೇಸಾ ಸರಿಯಾದ ಗುರು. ಹದಿನೈದನೆಯ ವಯಸ್ಸಿಗೆ 1888ರಲ್ಲಿ ಮಠ ಸೇರಿ, 1897ರಲ್ಲಿ 24ನೇ ವಯಸ್ಸಿಗೆ ತೀರಿಕೊಂಡ ಹುಡುಗಿ. ಬಟ್ಟೆ ಒಗೆಯುವ ಕಡೆ ಎದುರಿಗೆ ನಿಂತ ಸೋದರಿಯೊಬ್ಬಳು ಕೊಳಕು ನೀರನ್ನು ಇವಳ ಮುಖಕ್ಕೆ ಸಿಡಿಸುತ್ತಿದ್ದಳಂತೆ. ಹಿಂದೆ ಸರಿದು ಮುಖ ಒರೆಸಿಕೊಂಡು, "ನೋಡಿ ಕೆಲಸ ಮಾಡಬಾರದೇ" ಎಂದು ತೋರಿಸಿಕೊಡುವ ಆಸೆ ಇವಳಿಗೂ ಆಯಿತಂತೆ. ತಡೆದುಕೊಂಡಳು. ಇಂಥ ಸಂತೆಯನ್ನು ಓದಿದರೆ ಧೈರ್ಯ ಬರುತ್ತದೆ. ಆಸೆಯೇ ಆಗಲಿಲ್ಲ ಎಂದಿದ್ದರೆ ನಾನು ಪುಸ್ತಕ ಮುಚ್ಚಿಡುತ್ತಿದ್ದೆ.

ಎರಡು ವಾರ ಕಳೆಯುವಷ್ಟರಲ್ಲಿ ಲೆಕ್ಕ ಹದಿನೈದಕ್ಕೆ ಇಳಿಯಿತು. ಮಗಳ ಪರೀಕ್ಷೆ ಶುರುವಾದ ದಿನ ಮತ್ತೆ ಮೂವತ್ತು. ಯಾವ ವ್ರತವೂ ಇಳಿಜಾರಿನ ಹಾಗೆ ಸಾಗುವುದಿಲ್ಲ. ಗುರುಗಳಿಗೆ ಹೇಳಿದರೆ, "ಬಾಟಲಿ ಖಾಲಿಯಾಗಬೇಕೆಂದು ಯಾರು ಹೇಳಿದರಮ್ಮ? ಅದರಲ್ಲಿ ಏನಿದೆ ನೋಡಿ" ಎಂದರು.

ನೋಡಿದೆ. ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಮೊರಕ್ಕೆ ಸುರಿದು ಬೇರೆ ಬೇರೆ ಮಾಡಿದೆ. ಅವರೆಕಾಳು ಹೆಚ್ಚಿರುತ್ತದೆ ಎಂದುಕೊಂಡಿದ್ದೆ. ಇಲ್ಲ, ಹುರುಳಿ. ಮಿಕ್ಕ ಮೂರನ್ನು ಕೂಡಿಸಿದರೂ ಹುರುಳಿಗೆ ಸಮವಾಗಲಿಲ್ಲ.

ಅತ್ತೆಗೆ ಆಗ 79. ಕಾಲು ಊದಿಕೊಂಡು ಬಸ್ಸು ಹತ್ತಲಾರರು. ದಿನವಿಡೀ ಬೀದಿ ಕಡೆಯ ಕಿಟಕಿಯ ಪಕ್ಕ ಕುಳಿತಿರುತ್ತಾರೆ, ಯಾರ ಗೊಡವೆಗೂ ಬರುವವರಲ್ಲ. ನೀರು ಚೆಲ್ಲಿದರೆ, ಮಾತ್ರೆ ಮರೆತರೆ, ಕಿಟಕಿ ಬಳಿ ಕೂತರೂ ನನಗೆ ಸಿಟ್ಟು. ಯಾಕೆ? ಮೊರದ ಮುಂದೆ ಕೂತು ಯೋಚಿಸಿದಾಗ ಉತ್ತರ ಬಂತು. ನಮಗೆ ತಪ್ಪು ಮಾಡಿದವರ ಮೇಲಿನ ಸಿಟ್ಟು ಒಂದು ದಿನ ಇಳಿಯುತ್ತದೆ. ನಾವೇ ಯಾರಿಗೆ ತಪ್ಪು ಮಾಡಿದ್ದೇವೋ ಅವರ ಮುಖ ಕಂಡಾಗಲೆಲ್ಲ ಏಳುವ ಸಿಟ್ಟು ಇಳಿಯುವುದಿಲ್ಲ. ಅವರು ಕಿಟಕಿಯಿಂದ ಯಾರ ದಾರಿ ನೋಡುತ್ತಿದ್ದರೆಂದು ನನಗೆ ಗೊತ್ತಿತ್ತು.

2021ರಲ್ಲಿ ಕೊರೋನಾದ ಎರಡನೇ ಅಲೆಯಲ್ಲಿ ಅತ್ತೆ ಮಲಗಿಬಿಟ್ಟಿದ್ದರು. ಮೂವತ್ತು ಕಿಲೋಮೀಟರ್ ದೂರದ ಊರಲ್ಲಿರುವ ನನ್ನ ನಾದಿನಿ ಬಂದು ಹತ್ತು ದಿನ ಇದ್ದು ತಾಯಿಯನ್ನು ನೋಡಿಕೊಂಡಳು. ಅವಳು ಹೋದ ಮೇಲೆ ನೋಡುತ್ತೇನೆ, ಅತ್ತೆಯ ಕೊರಳಲ್ಲಿ ಎರಡೆಳೆ ಸರ ಇಲ್ಲ. ಕೇಳಿದರೆ "ಅವಳಿಗೆ ಕೊಟ್ಟೆ" ಎಂದರು, ಮುಖ ತಿರುಗಿಸಿದರು. ಆ ಭಾನುವಾರ ಫೋನಿನಲ್ಲಿ ಪರಿಚಯದ ಇಬ್ಬರು ಹೆಂಗಸರ ಜೊತೆ ಮಾತಾಡುವಾಗ ನಾನು ಹೇಳಿದ್ದು ಹೀಗೆ: "ಕಾಯಿಲೆ ಬಿದ್ದ ತಾಯಿ ಕೊರಳಿಂದ ಸರ ಬಿಚ್ಚಿಸಿಕೊಂಡು ಹೋದ್ಲು." ಕೊಟ್ಟೆ ಎಂದಿದ್ದು ಬಿಚ್ಚಿಸಿಕೊಂಡು ಆಯಿತು. ಒಂದೇ ಪದ. ಮೊಮ್ಮಗಳ ನರ್ಸಿಂಗ್ ಕಾಲೇಜಿನ ಫೀಸಿಗೆಂದು ಅತ್ತೆಯೇ ಬಲವಂತವಾಗಿ ಕೊಟ್ಟಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಅಷ್ಟರೊಳಗೆ ಮಾತು ಮೂವತ್ತು ಕಿಲೋಮೀಟರ್ ನಡೆದು ನಾದಿನಿಯ ಗಂಡನ ಮನೆಯವರ ಬಾಗಿಲು ತಟ್ಟಿತ್ತು. ಅವಳು ಒಂದೇ ಸಲ ಫೋನು ಮಾಡಿದಳು. "ಅತ್ತಿಗೆ, ನೀವು ಹೀಗಂದ್ರಾ?" "ಇದ್ದದ್ದು ಹೇಳಿದೆ" ಎಂದೆ. ಅಂದಿನಿಂದ ಅವಳು ನಮ್ಮ ಹೊಸಿಲು ತುಳಿದಿರಲಿಲ್ಲ. ನಾಲ್ಕು ವರ್ಷದಲ್ಲಿ ತಾಯಿ ಮಗಳು ಮುಖ ನೋಡಿದ್ದು ಎರಡು ಮದುವೆಗಳಲ್ಲಿ.

ಇಷ್ಟನ್ನೂ ನಾನು ಅಲ್ಲಿಯವರೆಗೆ ಪಾಪನಿವೇದನೆಯಲ್ಲಿ "ಪರರ ಮಾತಾಡಿದೆ" ಎಂಬ ಎರಡು ಪದದೊಳಗೆ ಮಡಿಸಿಟ್ಟಿದ್ದೆ. ಈ ಸಲ ಬಿಚ್ಚಿ ಹೇಳಿದೆ. ಗುರುಗಳು ಧರ್ಮಸಭೆಯ ಉಪದೇಶಗ್ರಂಥ ಏನು ಹೇಳುತ್ತದೆ ಎಂದು ತಿಳಿಸಿದರು. ಅದು 1992ರಲ್ಲಿ ಪ್ರಕಟವಾದದ್ದು. ಆಧಾರವಿಲ್ಲದೆ ಮನಸ್ಸಿನಲ್ಲೇ ಒಬ್ಬರನ್ನು ತಪ್ಪಿತಸ್ಥರೆಂದು ತೀರ್ಮಾನಿಸುವುದು ಒಂದು ಪಾಪ. ಇಲ್ಲದ್ದನ್ನು ಹೇಳಿ ಹೆಸರು ಕೆಡಿಸುವುದು ಇನ್ನೊಂದು. ಇದ್ದದ್ದನ್ನೇ, ಆದರೆ ತಕ್ಕ ಕಾರಣವಿಲ್ಲದೆ, ತಿಳಿಯದವರಿಗೆ ಹೇಳುವುದು ಮತ್ತೊಂದು. "ಇದ್ದದ್ದು ಹೇಳಿದೆ" ಎನ್ನುವವರಿಗೆ ಅಲ್ಲಿ ಬಾಗಿಲು ಮುಚ್ಚಿದೆ. ನನ್ನದು ಮೂರೂ ಆಗಿತ್ತು. ಕದ್ದ ಹಣವನ್ನು ಹಿಂದಿರುಗಿಸುವ ಹಾಗೆ ಕೆಡಿಸಿದ ಹೆಸರನ್ನೂ ಆದಷ್ಟು ಸರಿಪಡಿಸಬೇಕು, ಪ್ರಾರ್ಥನೆ ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಸಂತ ಫಿಲಿಪ್ ನೇರಿಯ ಬಗ್ಗೆ ಒಂದು ಕಥೆ ಹೇಳುತ್ತಾರೆ. ಚಾಡಿ ಹೇಳುವ ಹೆಂಗಸಿಗೆ ಕೋಳಿ ಕೊಂಡು, ಬೀದಿಯುದ್ದಕ್ಕೂ ಪುಕ್ಕ ಕೀಳುತ್ತ ಬಾ ಎಂದರಂತೆ. ಬಂದ ಮೇಲೆ, ಈಗ ಹೋಗಿ ಎಲ್ಲವನ್ನೂ ಆಯ್ದು ತಾ ಎಂದರಂತೆ. ಆ ಹೆಂಗಸಿನ ಹಾಗೆ ನಾನೂ ಹೊರಟೆ. ಮೊದಲನೆಯವರು "ಅಯ್ಯೋ, ಅದ್ಯಾವ ಕಾಲದ ಮಾತು, ಬಿಡಿ, ನಂಗೆ ನೆನಪೇ ಇಲ್ಲ" ಎಂದರು. ಜೀವ ಹಗುರವಾಯಿತು. ಎರಡನೆಯವರು ಪೂರ್ತಿ ಕೇಳಿ, "ಹೌದಾ? ಸುಳ್ಳಾ ಅದು? ನಾನು ಇನ್ನೂ ನಾಕು ಜನಕ್ಕೆ ಹೇಳಿದ್ನಲ್ಲ" ಎಂದರು. ಆ ನಾಲ್ವರ ಹೆಸರು ಬರೆದುಕೊಂಡೆ. ಇಬ್ಬರಿಗೆ ಹೇಳಲಾಯಿತು. ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರು ಊರು ಬಿಟ್ಟು ಎಲ್ಲಿದ್ದಾರೋ.

ಗರಿಗಳ ಭಾನುವಾರದ ಮರುದಿನ, ಏಪ್ರಿಲ್ 14, ಅಂಬೇಡ್ಕರ್ ಜಯಂತಿಯ ರಜೆ. ಯಜಮಾನರು ಅತ್ತೆಯ ಹತ್ತಿರ ಇರುತ್ತೇನೆಂದರು. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ್ದರಿಂದ ಹೋಗದಿರಲು ಟಿಕೆಟ್ಟಿನ ನೆಪವೂ ಉಳಿದಿರಲಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ. "ನೀನೂ ಒಂದು ಮಾತು ನನಗೆ ಮೊದಲೇ ಹೇಳಬಹುದಿತ್ತು" ಎಂಬ ಸಾಲು ಮೂರು ಸಲ ನುಸುಳಿ ಬಂತು, ಮೂರು ಸಲವೂ ಕಿತ್ತುಹಾಕಿದೆ. ಕ್ಷಮೆ ಕೇಳಲು ಹೋಗುವಾಗಲೂ ತಪ್ಪು ಹುಡುಕುವ ಚಾಳಿ ಜೊತೆಗೇ ಬಸ್ಸು ಹತ್ತುತ್ತದೆ ನೋಡಿ.

ನಾದಿನಿ ಬಾಗಿಲು ತೆರೆದು, "ಅಮ್ಮ?" ಎಂದಳು. ಗಾಬರಿಯಿಂದ. ನಾನು ಬಂದೆನೆಂದರೆ ತಾಯಿಗೇ ಏನೋ ಆಗಿದೆ ಎಂದುಕೊಂಡಳು. "ಅತ್ತೆ ಚೆನ್ನಾಗಿದ್ದಾರೆ. ನಾನೇ ಬಂದೆ" ಎಂದೆ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ನಾನು ಆಡಬಾರದ ಮಾತಾಡಿದೆ, ನೀನು ಬಿಚ್ಚಿಸಿಕೊಳ್ಳಲಿಲ್ಲ, ಅವರು ಕೊಟ್ಟರು. ಹೇಳಿದವರಿಗೆಲ್ಲ ಹೋಗಿ ಹೇಳಿ ಬಂದೆ" ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು:

"ಅತ್ತಿಗೆ, ನನಗೆ ಅಂದಿದ್ದು ಹೋಗ್ಲಿ. ನನ್ನ ಮಗಳ ಕಿವಿಗೂ ಬಿತ್ತು. ಅಜ್ಜಿ ಸರ ಕದ್ದು ಓದೋದಾದ್ರೆ ನಂಗೆ ಕಾಲೇಜೇ ಬೇಡ ಅಂತ ಒಂದು ವಾರ ಊಟ ಬಿಟ್ಟಿದ್ಲು. ನಾನು ಅವಳ ಕಾಲು ಹಿಡ್ಕೊಂಡು ಕಳಿಸಿದೆ."

ಆ ಹುಡುಗಿ ಓದು ಮುಗಿಸಿ ಕೆಲಸಕ್ಕೆ ಸೇರುವುದರಲ್ಲಿದ್ದಳು. ಹದಿನೇಳರ ಹುಡುಗಿ ಒಂದು ವಾರ ಉಪವಾಸವಿದ್ದದ್ದು ನನ್ನ ನಾಲಿಗೆಯಿಂದ, ನನಗೆ ನಾಲ್ಕು ವರ್ಷ ಅದರ ಸುಳಿವೂ ಇರಲಿಲ್ಲ. ನಾನು ಅಳಲಿಲ್ಲ. ಅತ್ತಿದ್ದರೆ ಅವಳೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು. ಕಾಫಿ ಕೊಟ್ಟಳು. ಕುಡಿದೆ. ಹೊರಡುವಾಗ "ಬರ್ತೀನಿ ಅಂತ ಹೇಳಲ್ಲ ಅತ್ತಿಗೆ, ನೋಡೋಣ" ಎಂದಳು.

ಏಪ್ರಿಲ್ 20ರ ಈಸ್ಟರಿಗೆ ಅವಳು ಬರಲಿಲ್ಲ. ಅತ್ತೆ ಹೊಸ ಸೀರೆ ಉಟ್ಟು ಕಿಟಕಿಯ ಬಳಿ ಕೂತಿದ್ದರು. ನಾನು ಹೋಗಿ ಬಂದದ್ದನ್ನು ಅವರಿಗೆ ಹೇಳಿರಲಿಲ್ಲ, ಆಸೆ ಹುಟ್ಟಿಸಬಾರದೆಂದು. ಮರುದಿನ ಮಧ್ಯಾಹ್ನ ಮಗಳು ಓಡಿ ಬಂದು ಪೋಪ್ ಫ್ರಾನ್ಸಿಸ್ ತೀರಿಕೊಂಡರೆಂದು ಫೋನು ತೋರಿಸಿದಳು. 2020ರಲ್ಲಿ ಲೋಕವೆಲ್ಲ ರೋಗಕ್ಕೆ ಹೆದರಿ ಕೂತಿದ್ದಾಗ, ಚಾಡಿಮಾತು ಕೋವಿಡ್‌ಗಿಂತ ಕೆಟ್ಟ ಪಿಡುಗು ಎಂದಿದ್ದವರು ಅವರೇ. ಆಗ ಅದು ಅತಿಯಾಯಿತು ಅನ್ನಿಸಿತ್ತು ನನಗೆ. ಅದರ ಮರುವರ್ಷವೇ ಕೋವಿಡ್ ನಮ್ಮ ಮನೆಗೂ ಬಂದು ಹೋಯಿತು, ಅತ್ತೆ ಎದ್ದು ಕೂತರು. ಆ ಇನ್ನೊಂದು ಮಾತ್ರ ನಾಲ್ಕು ವರ್ಷ ಮನೆಯಲ್ಲೇ ಉಳಿದಿತ್ತು.

ಬಾಟಲಿಯ ಕಾಳುಗಳನ್ನು ಏನು ಮಾಡುವುದೆಂದು ತೋಚದೆ ಇಟ್ಟಿದ್ದೆ. ಚೆಲ್ಲಲು ಮನಸ್ಸು ಬರಲಿಲ್ಲ. ಮಂಗಳವಾರ ರಾತ್ರಿ ಎಲ್ಲವನ್ನೂ ಒಟ್ಟಿಗೆ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಇಟ್ಟೆ. ಗುರುವಾರ ಹೊತ್ತಿಗೆ ಹುರುಳಿ, ಹೆಸರು ಉದ್ದಕ್ಕೆ ಮೊಳೆತಿದ್ದವು. ಅವರೆ, ಕಡಲೆ ಆಗಷ್ಟೇ ಮೂಗು ತೋರಿಸಿದ್ದವು. ಕಾಯಿ, ಹುರಿದ ಧನಿಯಾ, ಬೆಳ್ಳುಳ್ಳಿ, ಈರುಳ್ಳಿ ರುಬ್ಬಿ, ಒಂದು ಬದನೆಕಾಯಿ, ಒಂದು ಆಲೂಗಡ್ಡೆ ಹೆಚ್ಚಿ ಹಾಕಿ ಮೊಳಕೆಕಾಳಿನ ಸಾರು ಮಾಡಿದೆ. ಮುದ್ದೆಗೆ ಎಸರಿಟ್ಟಿದ್ದೆ. ಹೊರಗೆ ಅತ್ತೆಯ ದನಿ ಕೇಳಿತು. ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ.

ನಾದಿನಿ ಒಂದೇ ಗಂಟೆ ಇದ್ದಳು. ನನ್ನ ಜೊತೆ ಹೆಚ್ಚೇನೂ ಮಾತಾಡಲಿಲ್ಲ. ತಾಯಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಉಗುರು ಕತ್ತರಿಸಿದಳು, ತಲೆ ಬಾಚಿದಳು. ಇಬ್ಬರೂ ಪಿಸುಮಾತಿನಲ್ಲಿ ಏನೇನೋ ಹೇಳಿಕೊಂಡರು. ನಾನು ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಊಟಕ್ಕೆ ಕೂತಾಗ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿ, ಒಂದು ಕ್ಷಣ ತಡೆದು, ನಾಲ್ಕು ವರ್ಷದ ಹಿಂದಿನ ಅದೇ ದನಿಯಲ್ಲಿ ಹೇಳಿದಳು:

"ಉಪ್ಪು ಜಾಸ್ತಿ ಆಗಿದೆ ಅತ್ತಿಗೆ."

ಅತ್ತೆ ನನ್ನ ಮುಖ ನೋಡಿದರು. ಮಗಳು ನೋಡಿದಳು. ನಾನು ಎದ್ದು ಹೋಗಿ ಸಾರಿಗೆ ಅರ್ಧ ಲೋಟ ಬಿಸಿನೀರು ಬೆರೆಸಿ ತಂದು ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ.